ಗಡಸು ನೀರಿನಲ್ಲಿ ಬಣ್ಣದ ಮೀನು: ಕಡಿಮೆ ಖರ್ಚಿನ ತೊಟ್ಟಿ



ಪೇಟೆಗೆ ಹೋದ ಮಗು ಹಟ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಬಣ್ಣದ ಮೀನು ಕೊಡಿಸಿಕೊಂಡು ಬರುತ್ತದೆ. ಮನೆಗೆ ಬಂದೊಡನೆ ಗಾಜಿನ ಬುಡ್ಡಿಗೆ ಬೋರಿನ ನೀರು ತುಂಬಿ, ಮೀನನ್ನು ಅದರೊಳಗೆ ಸುರಿದು, ಮೇಲೊಂದು ಹಿಡಿ ಮಂಡಕ್ಕಿಯನ್ನೂ ಹಾಕುತ್ತಾರೆ. ಮೂರನೆಯ ದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಮಗು ಅಳುತ್ತದೆ. ಮನೆಯ ಹಿರಿಯರು ‘ನಮ್ಮ ನೀರೇ ಕೆಟ್ಟದ್ದು, ಇಲ್ಲಿ ಮೀನು ಬದುಕುವುದಿಲ್ಲ’ ಎಂದು ತೀರ್ಮಾನ ಕೊಟ್ಟುಬಿಡುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಮಾತು ಹೊಸದಲ್ಲ. ಬೇಳೆ ಬೇಯದಿದ್ದರೆ ನೀರಿನ ತಪ್ಪು, ಸೋಪು ನೊರೆ ಬಾರದಿದ್ದರೆ ನೀರಿನ ತಪ್ಪು, ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡರೆ ನೀರಿನ ತಪ್ಪು. ಇವೆಲ್ಲ ನಿಜವೇ. ಆದರೆ ಬುಡ್ಡಿಯ ಮೀನು ಸತ್ತದ್ದು ಬಹುಮಟ್ಟಿಗೆ ನೀರಿನ ಗಡಸುತನದಿಂದಲ್ಲ, ನಮ್ಮ ಅವಸರದಿಂದ. ಗಡಸು ನೀರನ್ನೇ ಬಯಸುವ ಬಣ್ಣದ ಮೀನುಗಳುಂಟು. ಅವುಗಳನ್ನು ಕಡಿಮೆ ಖರ್ಚಿನಲ್ಲಿ ಸಾಕಿ, ಮರಿ ಮಾಡಿಸಿ, ನಾಲ್ಕು ಕಾಸು ಕಾಣುವ ಬಗೆಯನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

ಕಡಲಿನ ತೊಟ್ಟಿ ನಮಗೇಕೆ ಬೇಡ?

ಮೊಬೈಲಿನಲ್ಲಿ ಹವಳದ ತೊಟ್ಟಿಗಳ ಚಿತ್ರ ನೋಡಿದ ಯುವಕರು ‘ನಮ್ಮ ನೀರು ಹೇಗೂ ಉಪ್ಪು; ಅದರಲ್ಲಿ ಹವಳ ಬೆಳೆಸಬಹುದೇ?’ ಎಂದು ಕೇಳುವುದುಂಟು. ಪ್ರಶ್ನೆ ಒಳ್ಳೆಯದು. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗೋಣ.

ಹವಳವೆಂಬುದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಚಿಕ್ಕ ಚಿಕ್ಕ ಪ್ರಾಣಿಗಳ ಒಕ್ಕಲು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ನೆಲೆಸಿರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುತ್ತದೆ. ಹವಳವು ನೀರಿನಲ್ಲಿನ ಕ್ಯಾಲ್ಸಿಯಂ ಹೀರಿ ಸುಣ್ಣದ ಗೂಡು ಕಟ್ಟುತ್ತದೆ. ನೀರಿನ ಉಷ್ಣತೆಯು ಅಲ್ಲಿನ ಬೇಸಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು, ಹವಳವು ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಇದೇ. ಏಪ್ರಿಲ್, ಮೇ ತಿಂಗಳಲ್ಲಿ ೪೦ ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಹವಳದ ತೊಟ್ಟಿಯನ್ನು ೨೬ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಲು ಹಗಲಿರುಳು ತಂಪು ಮಾಡುವ ಯಂತ್ರ ಬೇಕು, ಎಡೆಬಿಡದ ವಿದ್ಯುತ್ತು ಬೇಕು.

ಎರಡನೆಯದು ಉಪ್ಪಿನ ಮಾತು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದೆ. ನಿಮ್ಮ ಬೋರಿನ ನೀರಿನ ವಿದ್ಯುತ್ ವಾಹಕತೆ ೨ ಎಂದು ಪರೀಕ್ಷಾ ವರದಿಯಲ್ಲಿ ಬಂದಿದ್ದರೆ ಅದರಲ್ಲಿರುವುದು ಲೀಟರಿಗೆ ಸುಮಾರು ೧.೩ ಗ್ರಾಂ ಮಾತ್ರ. ನಾಲಿಗೆಗೆ ಉಪ್ಪೆನಿಸಿದ ನೀರು ಕಡಲಿನ ಲೆಕ್ಕದಲ್ಲಿ ಸಿಹಿನೀರೇ. ಅಡುಗೆ ಉಪ್ಪು ಕರಗಿಸಿದರೂ ಅದು ಕಡಲಾಗದು. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸೋಡಿಯಂ, ಕ್ಲೋರೈಡುಗಳ ಜೊತೆಗೆ ಸುಮಾರು ೧,೩೦೦ ಮಿ.ಗ್ರಾಂ. ಮೆಗ್ನೀಸಿಯಂ, ೪೦೦ ಮಿ.ಗ್ರಾಂ. ಕ್ಯಾಲ್ಸಿಯಂ ಮತ್ತಿತರ ಅಂಶಗಳಿವೆ. ೧೦೦ ಲೀಟರ್ ತೊಟ್ಟಿಗೆ ಅಂಥ ಸಿದ್ಧ ಲವಣ ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು ಬೇಕು. ನೀರು ಬದಲಿಸುವಾಗಲೆಲ್ಲ ಮತ್ತೆ ಕೊಳ್ಳಬೇಕು. ಹೊರಚೆಲ್ಲಿದ ಉಪ್ಪುನೀರು ಬಿದ್ದ ನೆಲ ಚೌಳಾಗುತ್ತದೆ.

ಮೂರನೆಯದು ಕಾನೂನು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ಕಲ್ಲು ಹವಳಗಳನ್ನು ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆ ಹವಳಕ್ಕೂ ಇದೆ. ಕಡಲಿನಿಂದ ಅದನ್ನು ಕೀಳುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಅಂಗಡಿಯವನು ‘ಜೀವಂತ ಕಲ್ಲು’ ಎಂದು ಕೊಡಬಂದರೆ ಮುಟ್ಟಬೇಡಿರಿ. ಹವಳ ನೋಡುವ ಆಸೆಯಿದ್ದರೆ ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳಗಳಿವೆ. ಅವು ಅಲ್ಲಿಯೇ ಇರಲಿ.

ಹೀಗೆ ಕಡಲ ತೊಟ್ಟಿಗೆ ನಮ್ಮಲ್ಲಿ ಎಲ್ಲವನ್ನೂ ಹೊರಗಿನಿಂದ ತರಬೇಕು. ಗಡಸು ನೀರಿನ ತೊಟ್ಟಿಗೆ ಮುಖ್ಯವಾದ ಸಾಮಗ್ರಿಯನ್ನು ಬೋರು ಪುಕ್ಕಟೆಯಾಗಿ ಕೊಡುತ್ತದೆ.

ನಮ್ಮ ನೀರಿನ ಗುಣ

ಈ ಸೀಮೆಯ ಕೊಳವೆ ಬಾವಿಗಳ ನೀರು ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಬರುವಂಥದು. ಆದುದರಿಂದ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದೇ ಗಡಸುತನ. ರಸಸಾರ, ಅಂದರೆ ಪಿ.ಎಚ್., ಸಾಮಾನ್ಯವಾಗಿ ೭ಕ್ಕಿಂತ ಮೇಲಿರುತ್ತದೆ. ಕುಡಿಯುವ ನೀರಿನಲ್ಲಿ ಒಟ್ಟು ಗಡಸುತನ ಲೀಟರಿಗೆ ೨೦೦ ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ ೬೦೦ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ.

ತೊಟ್ಟಿ ಕಟ್ಟುವ ಮೊದಲು ಒಂದು ಲೀಟರ್ ನೀರನ್ನು ಸ್ವಚ್ಛ ಬಾಟಲಿಯಲ್ಲಿ ಹಿಡಿದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿರಿ. ರಸಸಾರ, ವಿದ್ಯುತ್ ವಾಹಕತೆ, ಗಡಸುತನ ಈ ಮೂರನ್ನು ಕೇಳಿ ಬರೆಸಿಕೊಳ್ಳಿರಿ. ರಸಸಾರ ೭ರಿಂದ ೮.೫ರ ಒಳಗಿದ್ದರೆ ಮುಂದೆ ಹೇಳುವ ಮೀನುಗಳಿಗೆ ತೊಂದರೆಯಿಲ್ಲ. ವಾಹಕತೆ ತೀರ ಹೆಚ್ಚಿದ್ದರೆ ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟು ಸಮಪಾಲು ಬೆರೆಸಬಹುದು.

ಒಂದು ಎಚ್ಚರಿಕೆ. ಗಡಸು ನೀರು ಮೀನಿಗೆ ಹಿಡಿಸುತ್ತದೆಂದರೆ ಮನುಷ್ಯರಿಗೂ ಒಳ್ಳೆಯದೆಂದಲ್ಲ. ಫ್ಲೋರೈಡ್ ಅಂಶ ಲೀಟರಿಗೆ ೧.೫ ಮಿ.ಗ್ರಾಂ. ಮೀರಿದ ನೀರು ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಕುಡಿಯುವ ನೀರಿನ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಿಕೊಳ್ಳತಕ್ಕದ್ದು.

ಯಾವ ಮೀನು ಸಾಕಬೇಕು?

ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುವ ನಾಲ್ಕು ಜಾತಿಗಳು ಹೊಸಬರಿಗೆ ತಕ್ಕವು: ಗಪ್ಪಿ, ಮೋಲಿ, ಪ್ಲಾಟಿ ಮತ್ತು ಕತ್ತಿ ಬಾಲದ ಸ್ವೋರ್ಡ್‌ಟೇಲ್. ಇವೆಲ್ಲವೂ ಅಮೆರಿಕ ಖಂಡದ ಮೂಲದವು. ನಾಲ್ಕೂ ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಮೋಲಿಯಂತೂ ಕಡಲ ಅಳಿವೆಯ ಉಪ್ಪುನೀರಿನಲ್ಲಿಯೂ ಬದುಕುವ ಮೀನು. ಮೆತ್ತನೆಯ ನೀರಿನಲ್ಲಿಟ್ಟರೆ ಅದು ರೆಕ್ಕೆ ಮುದುಡಿಕೊಂಡು ಸೊರಗುತ್ತದೆ. ಬೇರೆ ಊರಿನವರು ಮೋಲಿಗೆಂದು ನೀರಿಗೆ ಉಪ್ಪು, ಸುಣ್ಣಕಲ್ಲು ಸೇರಿಸುವಾಗ ನಮಗೆ ಆ ಖರ್ಚಿಲ್ಲ.

ನಿಯಾನ್ ಟೆಟ್ರಾ, ಡಿಸ್ಕಸ್ ಮೊದಲಾದವು ಮೆತ್ತನೆಯ ನೀರಿನ ಮೀನುಗಳು. ಅಂಗಡಿಯಲ್ಲಿ ಎಷ್ಟೇ ಚೆಂದ ಕಂಡರೂ ಅವನ್ನು ಕೊಳ್ಳಬೇಡಿರಿ. ಜಮೀನಿಗೆ ಒಗ್ಗದ ಬೀಜ ಬಿತ್ತಿದಂತಾಗುತ್ತದೆ.

ಬಣ್ಣದ ಮೀನು ಕೊಲ್ಲುವ ಕಸುಬಲ್ಲ. ಜೀವಂತವಾಗಿ ಸಾಕಿ ಜೀವಂತವಾಗಿಯೇ ಮಾರುವಂಥದು. ಹೀಗಾಗಿ ಮೀನು ತಿನ್ನದ ಮನೆಯವರೂ ಇದನ್ನು ಕೈಗೊಳ್ಳಬಹುದು.

ತೊಟ್ಟಿ ಸಿದ್ಧಪಡಿಸುವುದು

೧. ಜಾಗ: ಮನೆಯ ಪೂರ್ವ ಅಥವಾ ಉತ್ತರದ ಗೋಡೆಯ ಬದಿ ಒಳ್ಳೆಯದು. ಬೆಳಗಿನ ಎಳೆಬಿಸಿಲು ಬೀಳಲಿ. ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಗರಿಯ ಚಪ್ಪರ ಅಥವಾ ಹಸಿರು ನೆರಳು ಬಲೆ ಹಾಕಿರಿ. ಎಲೆ ಉದುರಿಸುವ ಬೇವು, ಹುಣಸೆ ಮರದ ಅಡಿ ಬೇಡ.

೨. ಸಿಮೆಂಟು ತೊಟ್ಟಿ: ೬ ಅಡಿ ಉದ್ದ, ೩ ಅಡಿ ಅಗಲ, ೨ ಅಡಿ ಎತ್ತರ ಸಾಕು. ಒಂದೂವರೆ ಅಡಿ ನೀರು ನಿಲ್ಲಿಸಿದರೆ ಸುಮಾರು ೭೬೦ ಲೀಟರ್ ಹಿಡಿಯುತ್ತದೆ. ದನಕ್ಕೆ ನೀರು ಕುಡಿಸುತ್ತಿದ್ದ ಹಳೆಯ ತೊಟ್ಟಿ ಖಾಲಿಯಿದ್ದರೆ ಅದೇ ಎಲ್ಲಕ್ಕಿಂತ ಅಗ್ಗ. ಹೊಸ ಸಿಮೆಂಟು ಸುಣ್ಣ ಬಿಡುವುದರಿಂದ ರಸಸಾರ ವಿಪರೀತ ಏರಿ ಮೀನು ಸಾಯುತ್ತದೆ. ಆದುದರಿಂದ ಬಾಳೆದಿಂಡಿನ ತುಂಡುಗಳನ್ನು ಹಾಕಿ ನೀರು ತುಂಬಿ ಒಂದು ವಾರ ಬಿಟ್ಟು, ಬಸಿದು, ತಿಕ್ಕಿ ತೊಳೆದು, ಹೀಗೆಯೇ ಮೂರು ಸಲ ಮಾಡಿರಿ.

೩. ಹಾಳೆಯ ಗುಂಡಿ: ಸಿಮೆಂಟಿನ ಖರ್ಚು ಬೇಡವೆನ್ನುವವರು ೮ ಅಡಿ ಉದ್ದ, ೪ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಕಲ್ಲು ಬೇರುಗಳನ್ನು ಆಯ್ದು, ತಳಕ್ಕೆ ಮರಳು ಮತ್ತು ಹಳೆಯ ಗೋಣಿಚೀಲ ಹಾಸಿ ಮೇಲೆ ಸಿಲ್ಪಾಲಿನ್ ಹಾಳೆ ಹೊದಿಸಬಹುದು. ಎರಡು ಬದಿಯ ಆಳ ಮತ್ತು ಅಂಚಿಗೆ ಒಂದೊಂದು ಅಡಿ ಸೇರಿಸಿ ಹಾಳೆಯ ಅಳತೆ ೧೩ ಅಡಿ × ೯ ಅಡಿ ಬೇಕಾಗುತ್ತದೆ. ಮಳೆಯ ಹೊರನೀರು ನುಗ್ಗದಂತೆ ಸುತ್ತ ಅರ್ಧ ಅಡಿ ಬದು ಏರಿಸಿರಿ.

೪. ಮುಚ್ಚಳ: ಕಪ್ಪೆ, ಬೆಕ್ಕು, ಮಿಂಚುಳ್ಳಿ ಬಾರದಂತೆ ಸೊಳ್ಳೆ ಪರದೆಯ ಬಟ್ಟೆಯನ್ನು ಬಿಗಿದು ಕಟ್ಟಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಡಿಗೆ ಬೇಲಿ ಕಡ್ಡಾಯ.

ನೀರು ಹದಕ್ಕೆ ಬರಬೇಕು

ಇಡೀ ಪಾಠದಲ್ಲಿ ಇದೇ ಮುಖ್ಯ ಭಾಗ. ಬುಡ್ಡಿಯ ಮೀನು ಸತ್ತದ್ದು ಇಲ್ಲಿನ ತಪ್ಪಿನಿಂದ.

ಆಳದಿಂದ ಬಂದ ಬೋರಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳುವಂತೆ ಬಿಟ್ಟು, ಎರಡು ದಿನ ತೆರೆದಿಟ್ಟು ಬಳಸಿರಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲೂ ಇದೇ ಕ್ರಮ ಬೇಕು.

ಇಷ್ಟೇ ಸಾಲದು. ಮೀನಿನ ಉಸಿರು, ಮಲ ಮತ್ತು ಮಿಕ್ಕ ಆಹಾರದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ನೀವು ಹೊಲಕ್ಕೆ ಯೂರಿಯಾ ಹಾಕಿದಾಗ ಮಣ್ಣಿನಲ್ಲಿ ಏನಾಗುತ್ತದೆಂಬುದನ್ನು ನೆನಪಿಗೆ ತಂದುಕೊಳ್ಳಿರಿ. ಯೂರಿಯಾ ಮೊದಲು ಅಮೋನಿಯಾ ರೂಪಕ್ಕೆ ಬಂದು, ಒಂದು ಗುಂಪಿನ ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಇನ್ನೊಂದು ಗುಂಪಿನಿಂದ ನೈಟ್ರೇಟ್ ಆಗುತ್ತದೆ. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಮೀನನ್ನು ಕೊಲ್ಲುತ್ತವೆ. ನೈಟ್ರೇಟನ್ನು ಮೀನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳಿರುವುದಿಲ್ಲ. ಅವು ಕಲ್ಲು, ಮರಳು, ಸ್ಪಂಜುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ನಮ್ಮ ನೀರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ರಸಸಾರ ಒಂದು ಅಂಕೆ ಏರಿದರೆ ಅಮೋನಿಯಾದ ವಿಷಭಾಗ ಸುಮಾರು ಹತ್ತು ಪಟ್ಟು ಏರುತ್ತದೆ. ೭ರ ನೀರಿನಲ್ಲಿ ಮೀನು ಸಹಿಸುವ ಹೊಲಸನ್ನು ೮ರ ನೀರಿನಲ್ಲಿ ಸಹಿಸಲಾರದು. ಬಿಸಿಯೇರಿದಷ್ಟೂ ಇದು ಹೆಚ್ಚು. ಗಡಸು ನೀರಿನ ಲಾಭ ಪಡೆಯುವವರು ಹೊಲಸಿನ ವಿಷಯದಲ್ಲಿ ಇತರರಿಗಿಂತ ಕಟ್ಟುನಿಟ್ಟಾಗಿರಬೇಕು.

ಹದಮಾಡುವ ಕ್ರಮ ಹೀಗಿದೆ:

ತೊಟ್ಟಿಗೆ ನೀರು ತುಂಬಿ, ತೊಳೆದ ದಪ್ಪ ಮರಳನ್ನು ಒಂದು ಅಂಗುಲ ಹರಡಿರಿ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮೊದಲಾದ ನೀರುಗಿಡಗಳನ್ನು ಊರಿರಿ. ಇವು ಅಮೋನಿಯಾವನ್ನು ತಾವೇ ಹೀರುತ್ತವೆ. ಈಗಾಗಲೇ ಮೀನು ಸಾಕುತ್ತಿರುವವರ ತೊಟ್ಟಿಯಿಂದ ಒಂದು ಹಿಡಿ ಹಳೆಯ ಮರಳು ಅಥವಾ ಬಳಸಿದ ಸ್ಪಂಜು ಸಿಕ್ಕಿದರೆ ತಂದು ಹಾಕಿರಿ. ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಆಗುತ್ತದೆ. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ನಾಲ್ಕು ವಾರ ಕಾಯಿರಿ. ಅಮೋನಿಯಾ ಪರೀಕ್ಷೆಯ ಹನಿ ಔಷಧಿ ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು ಬಿಡತಕ್ಕದ್ದು.

ಗಾಳಿಯಾಡಿಸುವ ಚಿಕ್ಕ ಯಂತ್ರ ಮತ್ತು ಸ್ಪಂಜು ಸೋಸಕ ಇದ್ದರೆ ಉತ್ತಮ. ಹಳ್ಳಿಯಲ್ಲಿ ವಿದ್ಯುತ್ತನ್ನು ನಂಬಿ ಮೀನು ತುಂಬಬಾರದು. ಯಂತ್ರ ನಿಂತರೂ ಬದುಕುವಷ್ಟು ಮೀನನ್ನು ಮಾತ್ರ ಇಟ್ಟುಕೊಳ್ಳುವುದು ಬಡವನ ವಿಮೆ.

ಮೀನು ತಂದು ಬಿಡುವುದು

ಮೊದಲ ಸಲ ಒಂದೇ ಜಾತಿ, ಹತ್ತು ಹೆಣ್ಣು, ಮೂರು ಗಂಡು ಸಾಕು. ಹೆಣ್ಣು ದಪ್ಪ ಹೊಟ್ಟೆಯದು. ಗಂಡು ಚಿಕ್ಕದು, ಬಣ್ಣ ಹೆಚ್ಚು, ಹೊಟ್ಟೆಯ ಕೆಳಗಿನ ಹಿಂಭಾಗದ ರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ. ಚುರುಕಾಗಿ ಈಜುವ, ರೆಕ್ಕೆ ಹರಡಿದ ಮೀನು ಆರಿಸಿರಿ. ಅಂಗಡಿಯ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ಅಂದು ಬರಿಗೈಯಲ್ಲಿ ಹಿಂದಿರುಗಿರಿ.

ತಂದ ಚೀಲವನ್ನು ಬಿಚ್ಚದೆ ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಡಿರಿ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿ ನೀರನ್ನು ಚೀಲಕ್ಕೆ ಸೇರಿಸುತ್ತಾ ಮುಕ್ಕಾಲು ಗಂಟೆ ಕಳೆಯಿರಿ. ಕೊನೆಗೆ ಮೀನನ್ನು ಬಲೆಯಿಂದ ಎತ್ತಿ ಬಿಡಿರಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿರಿ. ಪೇಟೆಯ ನೀರಿಗೂ ನಮ್ಮ ನೀರಿಗೂ ಗಡಸುತನದಲ್ಲಿ ಬಹಳ ಅಂತರವಿದ್ದಲ್ಲಿ ಈ ಕೆಲಸಕ್ಕೆ ಎರಡು ಗಂಟೆ ಕೊಡಿರಿ.

ಆಹಾರ

ಸಿದ್ಧ ಗುಳಿಗೆ ಆಹಾರ ಸಿಗುತ್ತದೆ. ಮನೆಯಲ್ಲಿಯೂ ತಯಾರಿಸಬಹುದು. ಶೇಂಗಾ ಹಿಂಡಿ, ಅಕ್ಕಿ ತೌಡು, ಒಣಮೀನಿನ ಪುಡಿ ಸಮಪಾಲು ಬೆರೆಸಿ, ನುಣ್ಣಗೆ ಪುಡಿ ಮಾಡಿ, ಹಬೆಯಲ್ಲಿ ಬೇಯಿಸಿ, ಶಾವಿಗೆಯಂತೆ ಒತ್ತಿ ಒಣಗಿಸಿ ಚೂರು ಮಾಡಿರಿ. ಒಣಮೀನು ಬಳಸದವರು ಅದರ ಬದಲು ಸೋಯಾ ಹಿಂಡಿ ಹಾಕಬಹುದು. ಜೊತೆಗೆ ವಾರಕ್ಕೆ ಎರಡು ದಿನ ಸೊಳ್ಳೆಮರಿ ಹುಳುಗಳನ್ನು ಸೋಸಿ ಹಾಕಿದರೆ ಮೀನಿಗೆ ಹಬ್ಬ. ಹಿಂಡಿ ಮುಗ್ಗಲು ಹಿಡಿದಿದ್ದರೆ ಬಳಸಬೇಡಿರಿ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ದನಕ್ಕೆ ಆಗದ ಹಿಂಡಿ ಮೀನಿಗೂ ಆಗದು.

ಬೆಳಿಗ್ಗೆ ಮತ್ತು ಸಂಜೆ, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿರಿ. ಹಸಿವಿನಿಂದ ಸತ್ತ ಮೀನಿಗಿಂತ ಅತಿ ಆಹಾರದಿಂದ ಕೆಟ್ಟ ನೀರಿನಲ್ಲಿ ಸತ್ತ ಮೀನೇ ಹೆಚ್ಚು. ವಾರಕ್ಕೊಂದು ದಿನ ಉಪವಾಸವಿಟ್ಟರೂ ಕೇಡಿಲ್ಲ.

ಮರಿಗಳ ಪಾಲನೆ

ಗಪ್ಪಿ ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಮೋಲಿಗೆ ಇನ್ನೂ ಕೆಲವು ದಿನ ಹೆಚ್ಚು ಬೇಕಾಗಬಹುದು. ಒಂದು ಸಲಕ್ಕೆ ೨೦ರಿಂದ ೫೦ ಮರಿ ಸಾಮಾನ್ಯ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಅನಂತರ ಗಂಡಿಲ್ಲದೆಯೂ ಹಲವು ಸೂಲು ಮರಿ ಹಾಕಬಲ್ಲದು.

ತಾಯಿಯೇ ಮರಿಗಳನ್ನು ತಿನ್ನುತ್ತದೆ. ಇದಕ್ಕೆ ಉಪಾಯವೆಂದರೆ, ಮರಿಗಳು ಮಾತ್ರ ನುಸುಳಬಹುದಾದ ಕಣ್ಣಿನ ಪ್ಲಾಸ್ಟಿಕ್ ಬುಟ್ಟಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಹೊಟ್ಟೆ ತುಂಬಿದ ಹೆಣ್ಣನ್ನು ಅದರೊಳಗೆ ಬಿಡುವುದು. ಮರಿಗಳು ಕಣ್ಣಿನಿಂದ ಹೊರಬೀಳುತ್ತವೆ. ಅವುಗಳನ್ನು ಬೇರೊಂದು ಹದವಾದ ತೊಟ್ಟಿಗೆ ಸಾಗಿಸಿರಿ. ಮೊದಲ ವಾರ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಿವುಚಿ ಬಹಳ ಸ್ವಲ್ಪ, ಅಥವಾ ಹಿಟ್ಟಿನಂತೆ ಪುಡಿಮಾಡಿದ ಗುಳಿಗೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡಿರಿ. ಎರಡು ಮೂರು ತಿಂಗಳಲ್ಲಿ ಮಾರಾಟಕ್ಕೆ ಬರುತ್ತವೆ. ಗಂಡು ಹೆಣ್ಣು ಗುರುತು ಸಿಕ್ಕ ಕೂಡಲೆ ಬೇರ್ಪಡಿಸಿ, ಬಣ್ಣ ಚೆನ್ನಾಗಿರುವುದನ್ನು ತಳಿಗೆ ಉಳಿಸಿಕೊಳ್ಳಿರಿ. ಒಳ್ಳೆಯದನ್ನೆಲ್ಲ ಮಾರಿ ಜೊಳ್ಳನ್ನು ಬೀಜಕ್ಕಿಟ್ಟುಕೊಂಡರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ನೀರಿನ ಲೆಕ್ಕ

‘ಬೆಳೆಗೇ ನೀರಿಲ್ಲ, ಮೀನಿಗೆಲ್ಲಿ?’ ಎನ್ನುವುದು ನ್ಯಾಯವಾದ ಪ್ರಶ್ನೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ೭೬೦ ಲೀಟರ್ ತೊಟ್ಟಿಗೆ ಇದು ೧೯೦ ಲೀಟರ್. ಕಡುಬೇಸಗೆಯಲ್ಲಿ ದಿನಕ್ಕೆ ೧೦ ಮಿ.ಮೀ. ಆವಿಯಾದರೂ ಆ ತೊಟ್ಟಿಯಿಂದ ಹೋಗುವುದು ದಿನಕ್ಕೆ ೧೭ ಲೀಟರ್, ವಾರಕ್ಕೆ ೧೨೦ ಲೀಟರ್. ಒಟ್ಟು ವಾರಕ್ಕೆ ಸುಮಾರು ೩೧೦ ಲೀಟರ್. ಬೇಸಗೆಯಲ್ಲಿ ಹಾಲು ಕೊಡುವ ಒಂದು ಮಿಶ್ರತಳಿ ಹಸು ಕುಡಿಯುವ ನೀರಿಗಿಂತ ಇದು ಕಡಿಮೆ.

ಅದೂ ವ್ಯರ್ಥವಲ್ಲ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ತರಕಾರಿ ಮಡಿಗೂ ಹಡಗಲಿಯ ಮಲ್ಲಿಗೆ ಗಿಡಕ್ಕೂ ಹಾಕಬಹುದು. ಔಷಧಿಗೆಂದು ಉಪ್ಪು ಬೆರೆಸಿದ ನೀರನ್ನು ಮಾತ್ರ ಗಿಡಕ್ಕೆ ಹಾಕಬಾರದು.

ಆವಿಯಾದಷ್ಟು ನೀರನ್ನು ಮೇಲೆ ತುಂಬುತ್ತಾ ಹೋಗುವುದು ಮಾತ್ರ ಸಾಲದು. ನೀರು ಹಾರುತ್ತದೆ, ಲವಣ ಉಳಿಯುತ್ತದೆ. ಗಡಸುತನ ದಿನೇ ದಿನೇ ಏರುತ್ತದೆ. ಬದಲಿಸುವ ಕೆಲಸ ತಪ್ಪಬಾರದು.

ರೋಗ ಮತ್ತು ವಿಷ

ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆಮ್ಲಜನಕದ ಕೊರತೆ. ಗಿಡಗಳೂ ರಾತ್ರಿಯೆಲ್ಲ ಉಸಿರಾಡುವುದರಿಂದ ಬೆಳಗಿನ ಜಾವ ಅದು ಅತಿ ಕಡಿಮೆಯಿರುತ್ತದೆ. ತಂಬಿಗೆಯಿಂದ ನೀರೆತ್ತಿ ಎತ್ತರದಿಂದ ಸುರಿಯಿರಿ. ಮೀನಿನ ಸಂಖ್ಯೆ ಕಡಿಮೆ ಮಾಡಿರಿ.

ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಕಂಡರೆ ಅದು ಪರೋಪಜೀವಿಯ ರೋಗ. ರೋಗದ ಮೀನನ್ನು ಬೇರ್ಪಡಿಸಿ, ಲೀಟರಿಗೆ ೨ರಿಂದ ೩ ಗ್ರಾಂ ಕಲ್ಲುಪ್ಪನ್ನು ಒಂದು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಹತ್ತು ದಿನ ಇಡಿರಿ. ಹೊಸದಾಗಿ ತಂದ ಮೀನನ್ನು ಎರಡು ವಾರ ಬೇರೆ ಬಾನಿಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯವುಗಳೊಡನೆ ಸೇರಿಸಿರಿ.

ಎಲ್ಲಕ್ಕೂ ದೊಡ್ಡ ಅಪಾಯ ಕೀಟನಾಶಕ. ಸೈಪರ್‌ಮೆಥ್ರಿನ್‌ನಂಥ ಔಷಧಿಯ ಅತ್ಯಲ್ಪ ಅಂಶವೂ ತೊಟ್ಟಿಯ ಮೀನನ್ನೆಲ್ಲ ಮುಗಿಸುತ್ತದೆ. ಸಿಂಪರಣಾ ಯಂತ್ರವನ್ನು ತೊಟ್ಟಿಯ ಬಳಿ ತೊಳೆಯಬೇಡಿರಿ. ಔಷಧಿ ಕಲಸಿದ ಬಕೆಟ್ಟಿನಿಂದ ನೀರು ತುಂಬಬೇಡಿರಿ. ಹತ್ತಿಗೋ ಈರುಳ್ಳಿಗೋ ಹೊಡೆದು ಬಂದ ಕೈಯನ್ನು ತೊಳೆಯದೆ ಆಹಾರ ಹಾಕಬೇಡಿರಿ.

ಖರ್ಚು, ಆದಾಯ

ದರಗಳು ಊರಿನಿಂದ ಊರಿಗೆ ಬದಲಾಗುವುದರಿಂದ ಲೆಕ್ಕದ ಕ್ರಮ ಮಾತ್ರ ಕೊಟ್ಟಿದೆ. ಖರ್ಚಿನ ಬದಿಗೆ ಹಾಳೆ ಅಥವಾ ಸಿಮೆಂಟು, ನೆರಳು ಬಲೆ, ಗಾಳಿಯಂತ್ರ, ತಳಿಮೀನು, ಆಹಾರ, ಪರೀಕ್ಷೆಯ ಹನಿ ಇವನ್ನು ಬರೆಯಿರಿ. ಆದಾಯದ ಬದಿಗೆ ಹೀಗೆ ಎಣಿಸಿರಿ: ಹತ್ತು ಹೆಣ್ಣು, ಸೂಲಿಗೆ ೨೫ ಮರಿಯಂತೆ ೨೫೦, ಅರ್ಧ ಉಳಿದರೆ ೧೨೫. ಅಂಗಡಿಯವರು ಕೊಡುವ ಸಗಟು ದರದಿಂದ ೧೨೫ನ್ನು ಗುಣಿಸಿರಿ. ಚಿಲ್ಲರೆ ದರದಿಂದಲ್ಲ.

ತೊಟ್ಟಿ ಕಟ್ಟುವ ಮೊದಲೇ ಹೊಸಪೇಟೆ, ದಾವಣಗೆರೆಯ ಮೀನಿನ ಅಂಗಡಿಗಳಿಗೆ ಹೋಗಿ ಯಾವ ಜಾತಿ, ಯಾವ ಬಣ್ಣ, ತಿಂಗಳಿಗೆ ಎಷ್ಟು ಬೇಕೆಂದು ಕೇಳಿ ಬರೆದುಕೊಳ್ಳಿರಿ. ‘ಮರಿ ನಾವು ಕೊಡುತ್ತೇವೆ, ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ, ಮುಂಗಡ ಕಟ್ಟಿರಿ’ ಎನ್ನುವವರಿಂದ ದೂರವಿರಿ. ಈಮು ಹಕ್ಕಿ ಸಾಕಿದವರಲ್ಲಿ ಹಲವರು ಇಂಥ ಮಾತು ನಂಬಿಯೇ ಕೈಸುಟ್ಟುಕೊಂಡರು.

೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ ೩ ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿದ್ದು, ಸಾಮಾನ್ಯ ವರ್ಗಕ್ಕೆ ಶೇಕಡ ೪೦, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇಕಡ ೬೦ ಸಹಾಯಧನವಿತ್ತು. ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ. ಆದರೆ ಮೊದಲ ವರ್ಷ ಸಾಲ ಮಾಡಬೇಡಿರಿ. ಒಂದು ತೊಟ್ಟಿ, ಹತ್ತು ಹೆಣ್ಣು ಮೀನು ಒಂದು ಬೇಸಗೆ ಕಳೆದು ಉಳಿದರೆ ಎರಡನೆಯ ತೊಟ್ಟಿಯ ಮಾತು.

ಕೆರೆಗೆ ಬಿಡಬೇಡಿರಿ

ಹೆಚ್ಚಾದ ಮೀನನ್ನು ಪುಣ್ಯವೆಂದು ಕೆರೆಗೋ ಹಳ್ಳಕ್ಕೋ ಮಾಲವಿ ಜಲಾಶಯಕ್ಕೋ ಬಿಡುವುದು ದೊಡ್ಡ ತಪ್ಪು. ಹೊರದೇಶದ ಮೀನು ನಮ್ಮ ನೀರಿನಲ್ಲಿ ನೆಲೆನಿಂತರೆ ನಾಡಮೀನಿನ ಮೊಟ್ಟೆ, ಮರಿ, ಮೇವಿಗೆ ಸಂಚಕಾರ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ಹೀಗೆಯೇ ಭಾರತದ ಹಲವು ಕೆರೆ, ನದಿಗಳಿಗೆ ಸೇರಿಕೊಂಡಿದೆ. ಅದು ದಡದಲ್ಲಿ ಬಿಲ ತೋಡಿ ಏರಿಯನ್ನೂ ಸಡಿಲಿಸುತ್ತದೆ. ಅದನ್ನು ಕೊಳ್ಳಲೇಬೇಡಿರಿ. ಹೆಚ್ಚಿದ ಗಪ್ಪಿಗಳನ್ನು ಮನೆಯ ಬಚ್ಚಲ ತೊಟ್ಟಿ, ದನದ ತೊಟ್ಟಿಗಳಲ್ಲಿ ಬಿಟ್ಟುಕೊಳ್ಳಬಹುದು. ಸೊಳ್ಳೆಮರಿಗಳನ್ನು ತಿಂದು ಡೆಂಗಿ, ಮಲೇರಿಯಾ ತಡೆಗೆ ನೆರವಾಗುತ್ತವೆ. ಹೊರಗೆ ಹರಿದುಹೋಗುವ ನೀರಿಗೆ ಮಾತ್ರ ಬಿಡಬಾರದು.

ಕೊನೆಯ ಮಾತು

ಈ ಪಾಠದಲ್ಲಿ ನೆನಪಿಡಬೇಕಾದದ್ದು ಮೂರೇ: ನೀರು ಹದಕ್ಕೆ ಬರಲು ನಾಲ್ಕು ವಾರ ಕಾಯಿರಿ; ಕೈಬಿಗಿ ಹಿಡಿದು ಆಹಾರ ಹಾಕಿರಿ; ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿರಿ. ಇದನ್ನು ಮನೆಯ ಮಗುವಿಗೇ ವಹಿಸಿ, ಒಂದು ನೋಟುಪುಸ್ತಕದಲ್ಲಿ ದಿನಾಂಕ, ಮರಿಗಳ ಸಂಖ್ಯೆ, ಸತ್ತ ಮೀನು ಎಲ್ಲವನ್ನೂ ಬರೆಸಿರಿ. ಮುಂದಿನ ಬೇಸಗೆಗೆ ಆ ಪುಸ್ತಕವೇ ನಿಮ್ಮ ಊರಿನ ನೀರಿಗೆ ತಕ್ಕ ಪಾಠವಾಗುತ್ತದೆ. ಆಮೇಲೆ ‘ನಮ್ಮ ನೀರೇ ಕೆಟ್ಟದ್ದು’ ಎನ್ನುವ ಮುನ್ನ ಮನೆಯ ಹಿರಿಯರು ಆ ಪುಸ್ತಕ ತೆಗೆದು ನೋಡಲಿ.